ಕ್ವಾಲಾಲಂಪುರದಲ್ಲಿ ಒಂದು ದಿನ: ಗುಹೆಯ ಗುಡಿ, ಮಸೀದಿ ಮತ್ತು ಮುಗಿಲೆತ್ತರದ ಕಟ್ಟಡಗಳು (ಪದೇ ಪದೇ ಕೇಳುವ ಪ್ರಶ್ನೆಗಳು)

ಬೆಂಗಳೂರಿನಿಂದ ನಾಲ್ಕು ಗಂಟೆ ಚಿಲ್ಲರೆಯ ವಿಮಾನ ಪ್ರಯಾಣ. ಹಾಗಾಗಿ ಮಲೇಷ್ಯಾಕ್ಕೆ ಹೋಗುವವರು ನಮ್ಮಲ್ಲಿ ಜಾಸ್ತಿ ಆಗುತ್ತಿದ್ದಾರೆ. ಹೊರಡುವ ಮುಂಚೆ ಪರಿಚಯದವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಸುಬ್ರಹ್ಮಣ್ಯನ ಗುಡಿ ಇರುವ ಬಟು ಗುಹೆ, ಮಸೀದಿಗಳು, ಪೆಟ್ರೊನಾಸ್ ಜೋಡಿ ಗೋಪುರ, ಇಷ್ಟನ್ನೂ ಒಂದೇ ದಿನ ನೋಡಬಹುದಾ? ಯಾವುದು ಮೊದಲು? ಅಮ್ಮನ ಮಂಡಿ ನೋವಿಗೆ ಗುಹೆಯ ಮೆಟ್ಟಿಲು ಆಗುತ್ತಾ? ಒಬ್ಬನೇ ಒಮ್ಮೆ, ಅಮ್ಮನನ್ನು ಕರೆದುಕೊಂಡು ಇನ್ನೊಮ್ಮೆ ಈ ದಾರಿಯಲ್ಲಿ ತಿರುಗಿದ್ದೇನೆ. ಅದರಿಂದ ತಿಳಿದದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಒಂದು ದಿನದಲ್ಲಿ ಇಷ್ಟೆಲ್ಲ ನೋಡಲು ಸಾಧ್ಯವಾ?

ಸಾಧ್ಯ. ಬೆಳಿಗ್ಗೆ ಬೇಗ ಏಳಬೇಕು, ಅಷ್ಟೇ. ಗುಹೆ ಊರಿನ ಉತ್ತರಕ್ಕೆ ಸುಮಾರು 13 ಕಿಲೋಮೀಟರ್ ದೂರದಲ್ಲಿದೆ. ಉಳಿದದ್ದೆಲ್ಲ ಊರೊಳಗೇ ಇದೆ. ನೋಡಬೇಕಾದ ಎರಡು ಮಸೀದಿಗಳು, ರಾಷ್ಟ್ರೀಯ ಮಸೀದಿ ಮತ್ತು ಮಸೀದಿ ಜಮೆಕ್, ಇವುಗಳ ನಡುವೆ ನಡೆದೇ ಹೋಗಬಹುದು. ಜಮೆಕ್‌ನಿಂದ ಗೋಪುರಗಳಿಗೆ ನಗರ ರೈಲಿನಲ್ಲಿ ಮೂರನೇ ನಿಲ್ದಾಣ.

ಯಾವುದನ್ನು ಮೊದಲು ನೋಡಬೇಕು?

ಮೊದಲು ಗುಹೆ, ಮಧ್ಯೆ ಮಸೀದಿ, ಕೊನೆಗೆ ಗೋಪುರ. ಈ ಕ್ರಮವನ್ನು ಮಾತ್ರ ಬದಲಿಸಬೇಡಿ.

ಗುಹೆಗೆ ಬೆಳಿಗ್ಗೆ ಎಂಟರೊಳಗೆ ತಲುಪಿ. ಹತ್ತು ಗಂಟೆ ದಾಟಿದರೆ ಮೆಟ್ಟಿಲ ಮೇಲೆ ಬಿಸಿಲು ಸುಡುತ್ತದೆ, ಪ್ರವಾಸಿ ಬಸ್ಸುಗಳೂ ಬಂದು ನಿಲ್ಲುತ್ತವೆ. ಮಸೀದಿಗಳಲ್ಲಿ ಹೊರಗಿನವರಿಗೆ ಪ್ರವೇಶ ಸಿಗುವುದು ನಮಾಜಿನ ಹೊತ್ತು ಬಿಟ್ಟು ಮಾತ್ರ. ಮಧ್ಯಾಹ್ನದ ನಮಾಜು ಅಲ್ಲಿ ಒಂದು ಗಂಟೆಯ ನಂತರ ಬರುತ್ತದೆ. ಹಾಗಾಗಿ ಒಂದು ಮಸೀದಿ ಊಟಕ್ಕೆ ಮುಂಚೆ, ಇನ್ನೊಂದು ಊಟದ ನಂತರ ಇಟ್ಟುಕೊಂಡರೆ ಸರಿಹೋಗುತ್ತದೆ. ಗೋಪುರಗಳನ್ನು ಹಗಲಲ್ಲೂ ನೋಡಬೇಕು, ದೀಪ ಹತ್ತಿದ ಮೇಲೂ ನೋಡಬೇಕು. ಸಂಜೆ ಐದರ ಹೊತ್ತಿಗೆ ಅಲ್ಲಿದ್ದರೆ ಎರಡೂ ಸಿಗುತ್ತದೆ. ಕ್ವಾಲಾಲಂಪುರದಲ್ಲಿ ವರ್ಷವಿಡೀ ಸೂರ್ಯ ಮುಳುಗುವುದು ಏಳೂಕಾಲರ ಆಸುಪಾಸು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಇದು ನೆನಪಿದ್ದರೆ ಅಲಾರಂ ಇಡುವಾಗ ತಪ್ಪಾಗಲ್ಲ.

ವಾರದ ಯಾವ ದಿನ ಒಳ್ಳೆಯದು?

ಮಂಗಳವಾರ, ಬುಧವಾರ ಅಥವಾ ಗುರುವಾರ. ಶುಕ್ರವಾರ ಮಧ್ಯಾಹ್ನ ದೊಡ್ಡ ನಮಾಜು ಇರುವುದರಿಂದ ಮಸೀದಿ ನೋಡಲು ಆ ದಿನ ಸರಿಯಲ್ಲ. ಸೋಮವಾರ ಪೆಟ್ರೊನಾಸ್ ಗೋಪುರದ ಒಳಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಶನಿವಾರ, ಭಾನುವಾರ ಗುಹೆಯ ಹತ್ತಿರ ವಿಪರೀತ ಜನ.

ಬಟು ಗುಹೆ ಅಂದರೆ ನಮ್ಮ ಬಾದಾಮಿಯ ತರಹ ಕೆತ್ತಿದ ಗುಹೆಯಾ?

ಅಲ್ಲ. ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ಬಾದಾಮಿಯಲ್ಲಿ ಮನುಷ್ಯರು ಕೆಂಪು ಮರಳುಗಲ್ಲನ್ನು ಉಳಿಯಲ್ಲಿ ಕೊರೆದು ಗುಡಿ ಮಾಡಿದರು. ಬಟು ಗುಹೆಯನ್ನು ಕೊರೆದದ್ದು ಮಳೆನೀರು. ಅದು ಸುಣ್ಣಕಲ್ಲಿನ ಗುಡ್ಡ. ಆ ಕಲ್ಲಿಗೆ ಸುಮಾರು 40 ಕೋಟಿ ವರ್ಷ ವಯಸ್ಸು. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ಬಿರುಕಿನಲ್ಲಿ ಇಳಿದು ಸುಣ್ಣಕಲ್ಲನ್ನು ಕರಗಿಸುತ್ತಾ ಹೋಗುತ್ತದೆ. ಲಕ್ಷಾಂತರ ವರ್ಷ ಹೀಗೇ ನಡೆದರೆ ಗುಡ್ಡದ ಹೊಟ್ಟೆ ಟೊಳ್ಳಾಗುತ್ತದೆ.

ದೊಡ್ಡ ಗುಹೆಯ ಒಳಗೆ ನಿಂತು ತಲೆ ಎತ್ತಿದರೆ ಮೇಲ್ಛಾವಣಿ ಸುಮಾರು 100 ಮೀಟರ್ ಎತ್ತರದಲ್ಲಿದೆ. ಇನ್ನೂ ಸ್ವಲ್ಪ ಮೆಟ್ಟಿಲು ಹತ್ತಿ ಒಳಗೆ ಹೋದರೆ ಛಾವಣಿಯೇ ಇಲ್ಲ. ಅಲ್ಲಿ ಗುಡ್ಡ ಕುಸಿದು ಆಕಾಶ ಕಾಣುತ್ತದೆ. ಆ ಕಿಂಡಿಯಿಂದ ಬಿಸಿಲು ಒಳಗೆ ಬೀಳುತ್ತದೆ, ಬಂಡೆಯ ಅಂಚಿನಲ್ಲಿ ಗಿಡಬಳ್ಳಿ ತೂಗಾಡುತ್ತದೆ, ಕೆಳಗೆ ಪುಟ್ಟದೊಂದು ಗುಡಿ. ಅಮ್ಮ ಅಲ್ಲಿ ಸುಮ್ನೆ ಕೂತುಬಿಟ್ಟಿದ್ದರು, ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.

ಸುಬ್ರಹ್ಮಣ್ಯ ಸ್ವಾಮಿ ಅಲ್ಲಿಗೆ ಬಂದದ್ದು ಹೇಗೆ?

ಈ ಗುಹೆಗಳು ಅಲ್ಲಿನ ಕಾಡಿನ ಮೂಲ ನಿವಾಸಿಗಳಿಗೆ ಮೊದಲಿನಿಂದ ಗೊತ್ತಿದ್ದವು. 1860ರ ದಶಕದಲ್ಲಿ ಚೀನಾದಿಂದ ಬಂದವರು ತಮ್ಮ ತರಕಾರಿ ತೋಟಕ್ಕೆ ಗೊಬ್ಬರ ಬೇಕೆಂದು ಇಲ್ಲಿನ ಬಾವಲಿ ಹಿಕ್ಕೆಯನ್ನು ಅಗೆದು ಒಯ್ಯುತ್ತಿದ್ದರು. 1878ರಲ್ಲಿ ಅಮೆರಿಕದ ನಿಸರ್ಗ ತಜ್ಞ ವಿಲಿಯಂ ಹಾರ್ನಡೆ ಮತ್ತು ಬ್ರಿಟಿಷ್ ಅಧಿಕಾರಿಗಳು ಇದರ ಬಗ್ಗೆ ಬರೆದ ಮೇಲೆ ಹೊರಜಗತ್ತಿಗೆ ತಿಳಿಯಿತು.

ದೇವರನ್ನು ತಂದವರು ಕೆ. ತಂಬುಸ್ವಾಮಿ ಪಿಳ್ಳೈ ಎಂಬ ತಮಿಳು ವ್ಯಾಪಾರಿ. ಕ್ವಾಲಾಲಂಪುರದ ಒಳಗಿರುವ ಶ್ರೀ ಮಹಾಮಾರಿಯಮ್ಮನ್ ಗುಡಿಯನ್ನು 1873ರಲ್ಲಿ ಶುರು ಮಾಡಿದವರೂ ಅವರೇ. ಗುಹೆಯ ಬಾಯಿ ಮುರುಗನ ವೇಲಾಯುಧದ ಆಕಾರದಲ್ಲಿ ಕಂಡಿತಂತೆ. ಅದನ್ನು ನೋಡಿಯೇ ಇಲ್ಲಿ ಮುರುಗನ ಗುಡಿ ಆಗಬೇಕು ಎಂದುಕೊಂಡರು. 1892ರಿಂದ ಇಲ್ಲಿ ಮುರುಗನ ತೈಪೂಸಂ ಹಬ್ಬ ನಡೆಯುತ್ತಿದೆ. ರಬ್ಬರ್ ತೋಟಕ್ಕೆ, ರೈಲು ದಾರಿ ಹಾಕಲು ಬ್ರಿಟಿಷರು ಕರೆತಂದ ತಮಿಳು ಕೂಲಿಗಳಿಗೆ ಊರು ಬಿಟ್ಟು ಬಂದ ಮೇಲೆ ಇದೇ ಪಳನಿ ಆಯಿತು. ನಮಗೆ ಕುಕ್ಕೆ, ಘಾಟಿ ಇದ್ದ ಹಾಗೆ.

ಮೆಟ್ಟಿಲ ಮುಂದಿರುವ ಬಂಗಾರದ ಬಣ್ಣದ ಮುರುಗನ ಮೂರ್ತಿ ಎಷ್ಟು ಎತ್ತರ?

42.7 ಮೀಟರ್, ಅಂದರೆ 140 ಅಡಿ. 2006ರ ಜನವರಿಯಲ್ಲಿ ಅನಾವರಣ ಆಯಿತು. ಇದು ಹಳೆಯದಲ್ಲ, ಕಾಂಕ್ರೀಟಿನದು. ಹಿಂದಿರುವ ಮೆಟ್ಟಿಲುಗಳಿಗೆ ಕಾಮನಬಿಲ್ಲಿನ ಹಾಗೆ ಬಣ್ಣ ಬಳಿದದ್ದು ಇನ್ನೂ ಈಚೆಗೆ, 2018ರಲ್ಲಿ. ಫೋಟೋ ನೋಡಿ ಹೋದವರು ಬಣ್ಣದ ಮೆಟ್ಟಿಲ ಮುಂದೆ ಚಿತ್ರ ತೆಗೆಸಿಕೊಂಡು ಹಾಗೇ ವಾಪಸ್ ಹೊರಡುವುದನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮೂರ್ತಿ ಚೆನ್ನಾಗಿದೆ, ನಿಜ. ಆದರೆ ಇಷ್ಟು ದೂರ ಬಂದದ್ದು ಮೇಲಿರುವ ಆ ದೊಡ್ಡ ಗುಹೆಗಾಗಿ.

272 ಮೆಟ್ಟಿಲು ವಯಸ್ಸಾದವರಿಗೆ ಆಗುತ್ತಾ?

ಮೆಟ್ಟಿಲು ಕಡಿದಾಗಿವೆ, ಅಗಲ ಕಡಿಮೆ. ಇಳಿಯುವಾಗ ಮಂಡಿಗೆ ಜಾಸ್ತಿ ಭಾರ ಬೀಳುತ್ತದೆ. ನಡುನಡುವೆ ನಿಂತು ಸುಧಾರಿಸಿಕೊಳ್ಳಲು ಜಾಗ ಇದೆ. ಪಕ್ಕದ ಕಂಬಿ ಹಿಡಿದು ಹತ್ತಬಹುದು. ಅಮ್ಮನಿಗೆ 66 ವರ್ಷ. ಐದು ಕಡೆ ನಿಂತು, ಅರ್ಧ ಗಂಟೆಯಲ್ಲಿ ಹತ್ತಿದರು. ಹೃದಯದ ತೊಂದರೆ ಇರುವವರು, ಮಂಡಿ ಆಪರೇಷನ್ ಆದವರು ಹತ್ತದೇ ಇರುವುದೇ ಒಳ್ಳೆಯದು.

ಹತ್ತಲಾಗದವರಿಗೂ ಕೆಳಗೆ ನೋಡಲು ಇದೆ. ಗುಡ್ಡದ ಬುಡದಲ್ಲೇ ಗುಡಿಗಳಿವೆ. ರೈಲು ನಿಲ್ದಾಣದ ಪಕ್ಕದಲ್ಲಿ ಸುಮಾರು 15 ಮೀಟರ್ ಎತ್ತರದ ಹನುಮಂತನ ಮೂರ್ತಿ ಇದೆ. ಅದರ ಹಿಂದೆ ರಾಮಾಯಣ ಗುಹೆ. ರಾಮಾಯಣದ ಕಥೆಯನ್ನು ಬೊಂಬೆಗಳಲ್ಲಿ ಮಾಡಿಟ್ಟಿದ್ದಾರೆ, ಕುಂಭಕರ್ಣ ಉದ್ದಕ್ಕೆ ಮಲಗಿದ್ದಾನೆ. ಮಕ್ಕಳಿಗೆ ತುಂಬಾ ಇಷ್ಟ ಆಗುತ್ತದೆ. ಇದಕ್ಕೆ ಟಿಕೆಟ್ ಇದೆ. ಮೇಲಿನ ದೊಡ್ಡ ಗುಹೆಗೆ ಟಿಕೆಟ್ ಇಲ್ಲ.

ಮಂಗಗಳು ತೊಂದರೆ ಕೊಡುತ್ತವೆಯೇ?

ಕೊಡುತ್ತವೆ. ಉದ್ದ ಬಾಲದ ಕೋತಿಗಳು, ಮನುಷ್ಯರಿಗೆ ಸ್ವಲ್ಪವೂ ಹೆದರುವುದಿಲ್ಲ. ಕೈಯಲ್ಲಿ ಬಾಳೆಹಣ್ಣು, ಪ್ಲಾಸ್ಟಿಕ್ ಕವರು, ನೀರಿನ ಬಾಟಲಿ ಕಂಡರೆ ಕಿತ್ತುಕೊಳ್ಳುತ್ತವೆ. ತಿಂಡಿಯನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದುಬಿಡಿ. ಹಲ್ಲು ಕಿರಿದರೆ ದಿಟ್ಟಿಸಿ ನೋಡಬೇಡಿ, ಮೆಲ್ಲಗೆ ಪಕ್ಕಕ್ಕೆ ಸರಿಯಿರಿ. ಪೂಜೆಗೆ ಹಣ್ಣುಕಾಯಿ ಒಯ್ಯುವವರು ತಟ್ಟೆ ಮುಚ್ಚಿಕೊಂಡು ಹತ್ತಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಚೆನ್ನಾಗಿ ತೊಳೆದು, ತಡ ಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ರೇಬೀಸ್ ಲಸಿಕೆ ಬೇಕಾ ಎಂದು ಅವರೇ ಹೇಳಬೇಕು.

ಕತ್ತಲ ಗುಹೆ ಅಂತ ಇನ್ನೊಂದು ಇದೆಯಂತೆ?

ಇದೆ. ಮೆಟ್ಟಿಲು ಹತ್ತುವಾಗ ಎಡಕ್ಕೆ ಅದರ ದಾರಿ. ಜಗತ್ತಿನ ತೀರಾ ಅಪರೂಪದ ಜೇಡಗಳಲ್ಲಿ ಒಂದು ಅಲ್ಲಿ ವಾಸಿಸುತ್ತದೆ. ಗೂಡು ಮಾಡಿ, ಅದಕ್ಕೆ ಮುಚ್ಚಳದಂಥ ಬಾಗಿಲು ಕಟ್ಟಿಕೊಂಡು ಒಳಗೆ ಕೂರುವ ಜೇಡ ಅದು. 2019ರಲ್ಲಿ ಆ ಗುಹೆಯನ್ನು ಪ್ರವಾಸಿಗರಿಗೆ ಮುಚ್ಚಿದರು. ಹಾಗಾಗಿ ಅದನ್ನು ನಂಬಿಕೊಂಡು ದಿನದ ಲೆಕ್ಕ ಹಾಕಬೇಡಿ.

ತೈಪೂಸಂ ಸಮಯಕ್ಕೆ ಹೋಗಬೇಕಾ, ಬೇಡವಾ?

ಹಬ್ಬ ನೋಡಲೆಂದೇ ಹೋಗುವವರು ಖಂಡಿತ ಹೋಗಿ. ಜನವರಿ ಅಥವಾ ಫೆಬ್ರವರಿಯ ಹುಣ್ಣಿಮೆಗೆ ಬರುತ್ತದೆ. ಮಹಾಮಾರಿಯಮ್ಮನ್ ಗುಡಿಯಿಂದ ಬೆಳ್ಳಿ ರಥ ರಾತ್ರಿ ಹೊರಟು ಗುಹೆಗೆ ಬರುತ್ತದೆ. ಹಾಲಿನ ಕೊಡ ಹೊತ್ತವರು, ಕಾವಡಿ ಹೊತ್ತವರು, ಕೆನ್ನೆಗೆ ವೇಲು ಚುಚ್ಚಿಕೊಂಡವರು ಮೆಟ್ಟಿಲು ಹತ್ತುತ್ತಾರೆ. ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರುತ್ತಾರೆ. ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ. ಗುಹೆ, ಮಸೀದಿ, ಗೋಪುರ ಮೂರನ್ನೂ ನೋಡುವ ಯೋಚನೆ ಇದ್ದರೆ ಹಬ್ಬದ ವಾರವನ್ನು ಬಿಟ್ಟುಬಿಡಿ.

ಗುಹೆಯಿಂದ ಮಸೀದಿಗೆ ಹೇಗೆ ಹೋಗೋದು?

ಬಟು ಗುಹೆಯ ಬುಡದಲ್ಲೇ ಕೆಟಿಎಂ ಕೊಮ್ಯೂಟರ್ ರೈಲಿನ ಕೊನೆಯ ನಿಲ್ದಾಣ ಇದೆ. ಬೆಳಿಗ್ಗೆ ಊರಿನ ಮುಖ್ಯ ನಿಲ್ದಾಣವಾದ ಕೆಎಲ್ ಸೆಂಟ್ರಲ್‌ನಿಂದ ಅದರಲ್ಲೇ ಹೋಗಿ. ಅರ್ಧ ಗಂಟೆ, ಸ್ವಲ್ಪ ಜಾಸ್ತಿ ಅನ್ನಿ. ರೈಲು ಪದೇ ಪದೇ ಇರುವುದಿಲ್ಲ. ಗುಹೆ ನಿಲ್ದಾಣದಲ್ಲಿ ಇಳಿದ ತಕ್ಷಣ ವಾಪಸ್ ರೈಲಿನ ವೇಳೆಯ ಫೋಟೋ ತೆಗೆದಿಟ್ಟುಕೊಳ್ಳಿ. ನಡುವಿನ ಬೋಗಿಗಳು ಹೆಂಗಸರಿಗೆ ಮಾತ್ರ, ಗುಲಾಬಿ ಬಣ್ಣದ ಫಲಕ ಇರುತ್ತದೆ. ಗಂಡಸರು ಅಲ್ಲಿ ಹತ್ತಬಾರದು.

ವಾಪಸ್ ಬರುವಾಗ ಸುಮಾರು ಜನ ಸೆಂಟ್ರಲ್‌ವರೆಗೂ ಹೋಗಿ ಅಲ್ಲಿಂದ ಟ್ಯಾಕ್ಸಿ ಹಿಡಿಯುತ್ತಾರೆ. ಅದರ ಅಗತ್ಯ ಇಲ್ಲ. ಒಂದು ನಿಲ್ದಾಣ ಮುಂಚೆಯೇ, 'ಕ್ವಾಲಾಲಂಪುರ' ಎಂಬ ಹಳೆಯ ನಿಲ್ದಾಣದಲ್ಲಿ ಇಳಿಯಿರಿ. ರಾಷ್ಟ್ರೀಯ ಮಸೀದಿ ಅಲ್ಲಿಂದ ಕೆಲವೇ ನಿಮಿಷದ ನಡಿಗೆ. ಜೊತೆಗೆ ಆ ನಿಲ್ದಾಣದ ಕಟ್ಟಡವನ್ನೇ ನೋಡಿದ ಹಾಗಾಗುತ್ತದೆ. ಬಿಳಿ ಗೋಡೆ, ಕಮಾನು, ತುದಿಯಲ್ಲಿ ಪುಟ್ಟ ಪುಟ್ಟ ಛತ್ರಿಯಂಥ ಮಂಟಪಗಳು. 1910ರದು. 2001ರಲ್ಲಿ ಸೆಂಟ್ರಲ್ ಶುರುವಾಗುವವರೆಗೆ ಊರಿನ ಮುಖ್ಯ ನಿಲ್ದಾಣ ಇದೇ ಆಗಿತ್ತು.

ನಾಲ್ಕು ಜನ ಇದ್ದರೆ ಗ್ರ್ಯಾಬ್ ಆ್ಯಪ್‌ನಲ್ಲಿ ಕಾರು ಕರೆಯುವುದು ಸುಲಭ. ಬೆಲೆ ಮೊದಲೇ ಕಾಣುತ್ತದೆ. ಗುಹೆಯ ಹೊರಗೆ ಒಬ್ಬ ಟ್ಯಾಕ್ಸಿಯವನು ನಮ್ಮಿಂದ ಆ್ಯಪ್‌ನ ಎರಡರಷ್ಟು ಕೇಳಿದ್ದ. ಬೆಲೆ ನೋಡಿಕೊಂಡಿದ್ದರಿಂದ ಬೇಡ ಎಂದು ಹೇಳಲು ಆಯಿತು.

ಮುಸ್ಲಿಮರಲ್ಲದವರನ್ನು ಮಸೀದಿಯೊಳಗೆ ಬಿಡುತ್ತಾರಾ?

ಬಿಡುತ್ತಾರೆ, ಪ್ರೀತಿಯಿಂದಲೇ. ಎರಡೂ ಮಸೀದಿಗಳಿಗೆ ಟಿಕೆಟ್ ಇಲ್ಲ. ಬಾಗಿಲಲ್ಲಿ ಹೆಸರು ಬರೆಸಿ, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ನಮಾಜು ಮಾಡುವ ಮುಖ್ಯ ಹಾಲಿನ ಒಳಕ್ಕೆ ಸಾಮಾನ್ಯವಾಗಿ ಬಿಡುವುದಿಲ್ಲ. ಅದರ ಅಂಚಿನಲ್ಲಿ ನಿಂತು ನೋಡಬಹುದು. ಪ್ರಾರ್ಥನೆ ಮಾಡುತ್ತಿರುವವರ ಮುಂದೆ ಹಾಯಬೇಡಿ, ಅವರ ಮುಖದ ಫೋಟೋ ತೆಗೆಯಬೇಡಿ. ನಮ್ಮ ಗರ್ಭಗುಡಿಯ ಮುಂದೆ ಹೇಗಿರುತ್ತೇವೋ ಹಾಗೇ ಇದ್ದರೆ ಸಾಕು.

ಬಟ್ಟೆ ಎಂಥದ್ದು ಹಾಕಿಕೊಳ್ಳಬೇಕು?

ಗುಹೆಗೂ ಮಸೀದಿಗೂ ಒಂದೇ ಬಟ್ಟೆ ಸಾಕಾಗುವಂತೆ ಹೊರಡಿ. ಹೆಂಗಸರಿಗೆ ಚೂಡಿದಾರ್ ಎಲ್ಲಕ್ಕಿಂತ ಅನುಕೂಲ, ದುಪಟ್ಟಾ ಜೊತೆಯಲ್ಲೇ ಇರುತ್ತದಲ್ಲ. ಗಂಡಸರು ಪೂರ್ತಿ ಪ್ಯಾಂಟು ಹಾಕಿ. ಗುಹೆಯಲ್ಲಿ ಮಂಡಿ ಕಾಣುವ ಬಟ್ಟೆ ಹಾಕಿದ ಹೆಂಗಸರನ್ನು ತಡೆಯುತ್ತಾರೆ. ಕೆಳಗೆ ಬಾಡಿಗೆಗೆ ಲುಂಗಿಯಂಥ ಬಟ್ಟೆ ಸಿಗುತ್ತದೆ. ಮಸೀದಿಯಲ್ಲಿ ಮೈ ಮುಚ್ಚುವ ನಿಲುವಂಗಿಯನ್ನು ಅವರೇ ಪುಕ್ಕಟೆ ಕೊಡುತ್ತಾರೆ. ಬೆವರು ಮಾತ್ರ ವಿಪರೀತ, ಹತ್ತಿ ಬಟ್ಟೆಯೇ ವಾಸಿ. ಸುಲಭವಾಗಿ ಕಳಚುವ ಚಪ್ಪಲಿಯೂ ಬೇಕು.

ರಾಷ್ಟ್ರೀಯ ಮಸೀದಿಗೆ ಗುಮ್ಮಟವೇ ಇಲ್ಲವಲ್ಲ, ಯಾಕೆ?

ಒಳ್ಳೆಯ ಪ್ರಶ್ನೆ. ಉತ್ತರ ತಿಳಿದು ನೋಡಿದರೆ ಇಡೀ ಕಟ್ಟಡ ಬೇರೆಯೇ ಆಗಿ ಕಾಣುತ್ತದೆ.

ಇಂದಿನ ಮಲೇಷ್ಯಾದ ಭಾಗವಾದ ಮಲಯ ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1957ರಲ್ಲಿ. ಅದರ ನೆನಪಿಗೆ ಕಟ್ಟಿದ ಮಸೀದಿ ಇದು, 1965ರ ಆಗಸ್ಟ್‌ನಲ್ಲಿ ತೆರೆಯಿತು. ಬ್ರಿಟಿಷರು ಬಿಟ್ಟುಹೋದ ಮೊಘಲ್ ಗುಮ್ಮಟ, ಕಮಾನು ಮತ್ತೆ ಬೇಡ, ನಮ್ಮದೇ ಆದ ಒಂದು ಆಕಾರ ಬೇಕು ಎಂಬ ಆಸೆ ಆಗ ಇತ್ತು. ಹೋವರ್ಡ್ ಆ್ಯಶ್ಲಿ, ಹಿಶಾಂ ಅಲ್ಬಕ್ರಿ, ಬಹಾರುದ್ದೀನ್ ಎಂಬ ಮೂವರು ವಾಸ್ತುಶಿಲ್ಪಿಗಳು ಛತ್ರಿಯನ್ನು ಆರಿಸಿಕೊಂಡರು. ಮುಖ್ಯ ಹಾಲಿನ ಮೇಲಿನ ನೀಲಿ ಛಾವಣಿ ಬಿಚ್ಚಿದ ಛತ್ರಿ. ಪಕ್ಕದ 73 ಮೀಟರ್ ಎತ್ತರದ ಮಿನಾರು ಮಡಿಚಿದ ಛತ್ರಿ. ದಿನಾ ಮಳೆ ಬರುವ ಊರಿಗೆ ಇದಕ್ಕಿಂತ ಸರಿಯಾದ ಗುರುತು ಇನ್ನೇನಿದೆ! ಮಲಯ ರಾಜರಿಗೆ ಛತ್ರಿ ಗೌರವದ ಚಿಹ್ನೆಯೂ ಹೌದು, ನಮ್ಮಲ್ಲಿ ಶ್ವೇತಛತ್ರಿ ಇದ್ದಂತೆ.

ಒಳಗೆ ಹೋದರೆ ಉದ್ದುದ್ದ ಪಡಸಾಲೆಗಳು, ನೀರಿನ ಕೊಳ, ಜಾಲರಿ ಗೋಡೆಗಳು. ಗಾಳಿ ಹಾಯ್ದು ಹೋಗುತ್ತದೆ. ಒಟ್ಟು 15,000 ಜನ ಒಟ್ಟಿಗೆ ಪ್ರಾರ್ಥನೆ ಮಾಡಬಹುದು. ಬೇಗ ನೋಡಿ ಹೊರಟುಬಿಡಬೇಡಿ. ಪಡಸಾಲೆಯಲ್ಲಿ ಹತ್ತು ನಿಮಿಷ ನಿಂತರೆ ಹೊರಗಿನ ಸೆಕೆ ಇಲ್ಲಿ ಹೇಗೆ ಕಮ್ಮಿಯಾಗಿದೆ ಎಂದು ಮೈಗೇ ಗೊತ್ತಾಗುತ್ತದೆ.

ಮಸೀದಿ ಜಮೆಕ್‌ಗೆ ಹೋಗಲೇಬೇಕಾ? ಒಂದು ಮಸೀದಿ ಸಾಲದೇ?

ಹೋಗಲೇಬೇಕು. ಅದು ಊರು ಹುಟ್ಟಿದ ಜಾಗ. ಗೊಂಬಾಕ್ ಮತ್ತು ಕ್ಲಾಂಗ್ ನದಿಗಳು ಸೇರುವ ಮೂಲೆಯಲ್ಲೇ ಮಸೀದಿ ಇದೆ.

ಊರಿನ ಹೆಸರಿನ ಕೊನೆಗೆ 'ಪುರ' ಕೇಳಿ ನಮ್ಮವರು ಸಂಸ್ಕೃತದ ಪುರ ಅಂದುಕೊಳ್ಳುತ್ತಾರೆ. ಅದಲ್ಲ. ಮಲಯ್ ಭಾಷೆಯಲ್ಲಿ 'ಕ್ವಾಲಾ' ಅಂದರೆ ನದಿ ಸೇರುವ ಬಾಯಿ, 'ಲುಂಪುರ್' ಅಂದರೆ ಕೆಸರು. ಕೆಸರಿನ ಕೂಡಲಿ ಅನ್ನಬಹುದು. 1857ರಲ್ಲಿ 87 ಚೀನೀ ಗಣಿ ಕೆಲಸಗಾರರು ತವರ ಹುಡುಕುತ್ತಾ ದೋಣಿಯಲ್ಲಿ ಇಲ್ಲಿಯವರೆಗೆ ಬಂದರು. ಮುಂದೆ ದೋಣಿ ಹೋಗಲಾರದಷ್ಟು ನೀರು ಕಡಿಮೆ. ಇಲ್ಲಿಳಿದು ಕಾಡಿನೊಳಗೆ ನಡೆದರು. ಬಹಳಷ್ಟು ಜನ ಮಲೇರಿಯಾಕ್ಕೆ ಸತ್ತರು. ಆದರೂ ತವರ ಸಿಕ್ಕಿತು, ಸಾಮಾನು ಇಳಿಸಿದ ಜಾಗ ಸಂತೆಯಾಯಿತು, ಸಂತೆ ಊರಾಯಿತು.

ಮಸೀದಿ ತೆರೆದದ್ದು 1909ರಲ್ಲಿ, ಕಟ್ಟಿದ್ದು ಹಳೆಯ ಮಲಯ್ ಸ್ಮಶಾನದ ಜಾಗದಲ್ಲಿ. ನಕ್ಷೆ ಮಾಡಿದವರು ಆರ್ಥರ್ ಬೆನಿಸನ್ ಹಬ್ಬಕ್. ನೀವು ಬೆಳಿಗ್ಗೆ ಇಳಿದ ರೈಲು ನಿಲ್ದಾಣವೂ ಅವರದೇ. ಕೆಂಪು ಇಟ್ಟಿಗೆ, ಬಿಳಿ ಗಾರೆ ಪಟ್ಟೆಪಟ್ಟೆಯಾಗಿ ಬರುತ್ತದೆ. ಮೂರು ಗುಮ್ಮಟ, ಎರಡು ಮಿನಾರು, ಸುತ್ತ ತೆಂಗಿನ ಜಾತಿಯ ಮರಗಳು. ರಾಷ್ಟ್ರೀಯ ಮಸೀದಿ ಬರುವವರೆಗೆ ಊರಿನ ದೊಡ್ಡ ಮಸೀದಿ ಇದೇ.

ಹತ್ತಿರದ ಮೆರ್ಡೆಕಾ ಚೌಕದ ಎದುರು ಸುಲ್ತಾನ್ ಅಬ್ದುಲ್ ಸಮದ್ ಕಟ್ಟಡ ಇದೆ. ತಾಮ್ರದ ಗುಮ್ಮಟ, 41 ಮೀಟರ್‌ನ ಗಡಿಯಾರ ಗೋಪುರ. 1897ರದು. ನೋಡಿದ ಕೂಡಲೇ ಅಮ್ಮ 'ಇದು ನಮ್ಮ ಮೈಸೂರು ಅರಮನೆ ತರಹ ಇದೆಯಲ್ಲ' ಅಂದರು. ಸರಿಯಾಗಿಯೇ ಹೇಳಿದರು. ಎರಡೂ ಇಂಡೋ-ಸಾರಾಸೆನಿಕ್ ಶೈಲಿಯವು. ಭಾರತದಲ್ಲಿ ಬ್ರಿಟಿಷರು ಬೆಳೆಸಿದ ಈ ಶೈಲಿ ಹಡಗು ಹತ್ತಿ ಮಲಯಕ್ಕೂ ಬಂತು. ಮೊದಲ ನಕ್ಷೆ ಯುರೋಪಿನ ಶೈಲಿಯಲ್ಲೇ ಇತ್ತು. ಸರ್ಕಾರಿ ಇಂಜಿನಿಯರ್ ಸ್ಪೂನರ್ ಅದನ್ನು ಒಪ್ಪದೆ, ಮುಸ್ಲಿಂ ದೇಶಕ್ಕೆ ಗುಮ್ಮಟ, ಕಮಾನು ಬೇಕು ಎಂದು ಬದಲಾಯಿಸಿದರು. ಮಲಯ್ ಜನರನ್ನು ಆಗ ಯಾರೂ ಕೇಳಲಿಲ್ಲ. ಇದನ್ನು ತಿಳಿದ ಮೇಲೆ 1965ರ ಛತ್ರಿ ನನಗೆ ಇನ್ನೂ ಹಿಡಿಸಿತು.

ಇದೇ ಚೌಕದಲ್ಲಿ 1957ರ ಆಗಸ್ಟ್ 31ರ ನಡುರಾತ್ರಿ ಬ್ರಿಟಿಷ್ ಬಾವುಟ ಇಳಿಯಿತು.

ಊಟಕ್ಕೆ ಏನು ಮಾಡೋದು? ಸಸ್ಯಾಹಾರ ಸಿಗುತ್ತಾ?

ಬಟು ಗುಹೆಯ ಬುಡದಲ್ಲೇ ಸಸ್ಯಾಹಾರಿ ಹೋಟೆಲುಗಳಿವೆ. ಇಡ್ಲಿ, ದೋಸೆ, ಬಾಳೆಎಲೆ ಊಟ ಸಿಗುತ್ತದೆ. ಬೆಳಗಿನ ತಿಂಡಿ ಅಲ್ಲೇ ಮುಗಿಸಿ. ಮಧ್ಯಾಹ್ನಕ್ಕೆ ಸೆಂಟ್ರಲ್ ಪಕ್ಕದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಬೇಕಾದಷ್ಟು ಇದೆ. ಬೇರೆ ಕಡೆ ತಿನ್ನುವಾಗ ಒಂದು ಎಚ್ಚರ. ತರಕಾರಿ ಪಲ್ಯ ಅಂತ ಕಂಡರೂ ಅದರಲ್ಲಿ 'ಬೆಲಾಚಾನ್' ಇರಬಹುದು, ಅದು ಸೀಗಡಿಯಿಂದ ಮಾಡಿದ ಮಸಾಲೆ. ಕೇಳಿಯೇ ತಿನ್ನಿ. ಚಹಾಕ್ಕೆ ಮಂದ ಹಾಲು, ಸಕ್ಕರೆ ಸುರಿಯುತ್ತಾರೆ. ಸಿಹಿ ಕಮ್ಮಿ ಬೇಕಿದ್ದರೆ 'ಕುರಾಂಗ್ ಮಾನಿಸ್' ಅನ್ನಿ.

ಪೆಟ್ರೊನಾಸ್ ಗೋಪುರದಲ್ಲಿ ನೋಡುವಂಥದ್ದು ಏನಿದೆ? ಹೊರಗಿನಿಂದ ನೋಡಿದರೆ ಸಾಲದೇ?

ಟಿಕೆಟ್ ದುಬಾರಿ ಅನಿಸಿದರೆ ಹೊರಗಿನಿಂದ ನೋಡಿ, ಬೇಜಾರು ಬೇಡ. ಆದರೆ ಏನು ನೋಡುತ್ತಿದ್ದೇವೆ ಎಂದು ತಿಳಿದಿರಲಿ.

ಎತ್ತರ 451.9 ಮೀಟರ್, 88 ಮಹಡಿ. 1998ರಿಂದ 2004ರವರೆಗೆ ಜಗತ್ತಿನಲ್ಲೇ ಅತಿ ಎತ್ತರದ ಕಟ್ಟಡ. ವಾಸ್ತುಶಿಲ್ಪಿ ಸೀಸರ್ ಪೆಲ್ಲಿ, ಅರ್ಜೆಂಟೀನಾದಲ್ಲಿ ಹುಟ್ಟಿದವರು. ಒಂದು ಗೋಪುರವನ್ನು ಜಪಾನ್ ಕಂಪನಿ ಮುಂದಾಳತ್ವದ ತಂಡ ಕಟ್ಟಿತು, ಇನ್ನೊಂದನ್ನು ಕೊರಿಯಾ ಕಂಪನಿಯ ತಂಡ. ಮೇಲಿನಿಂದ ನೋಡಿದರೆ ಗೋಪುರದ ಆಕಾರ ಎಂಟು ಮೂಲೆಯ ನಕ್ಷತ್ರ. ಎರಡು ಚೌಕಗಳನ್ನು ಒಂದರ ಮೇಲೊಂದು ತಿರುಗಿಸಿಟ್ಟರೆ ಬರುವ, ಇಸ್ಲಾಮಿಕ್ ಕಲೆಯಲ್ಲಿ ಎಲ್ಲೆಡೆ ಕಾಣುವ ನಕ್ಷತ್ರ. ಬೆಳಿಗ್ಗೆ ಮಸೀದಿಯ ಜಾಲರಿಗಳನ್ನು ಗಮನವಿಟ್ಟು ನೋಡಿದ್ದರೆ ಸಂಜೆ ಇಲ್ಲಿ ಗುರುತು ಹಿಡಿಯುತ್ತೀರಿ.

ನನಗೆ ತುಂಬಾ ಇಷ್ಟವಾದ ಸಂಗತಿ ನೆಲದಡಿಯಲ್ಲಿದೆ. ಗೋಪುರಗಳನ್ನು ಮೊದಲು ಕಟ್ಟಬೇಕೆಂದಿದ್ದ ಜಾಗದಲ್ಲಿ ಮಣ್ಣು ಪರೀಕ್ಷೆ ಮಾಡಿದಾಗ ಅರ್ಧಭಾಗದ ಕೆಳಗೆ ಸುಣ್ಣಕಲ್ಲು ಸಿಕ್ಕಿತು, ಕರಗಿ ಟೊಳ್ಳುಬಿದ್ದ ಸುಣ್ಣಕಲ್ಲು. ಬೆಳಿಗ್ಗೆ ನೀವು ಹತ್ತಿದ ಗುಡ್ಡದಂಥದ್ದೇ ಕಲ್ಲು. ಮೇಲೆ ಗುಡ್ಡವಾಗಿ ನಿಂತ ಕಡೆ ಅದು ದೇವರಿಗೆ ಗುಹೆ ಕೊಟ್ಟಿತು. ನೆಲದೊಳಗಿನ ಅಂಥದ್ದೇ ಟೊಳ್ಳು ಇಂಜಿನಿಯರುಗಳ ನಿದ್ದೆ ಕೆಡಿಸಿತು. ಕೊನೆಗೆ ಗೋಪುರಗಳ ಜಾಗವನ್ನೇ ಸುಮಾರು 60 ಮೀಟರ್ ಸರಿಸಿದರು. ಅಡಿಪಾಯದ ಕಂಬಗಳಲ್ಲಿ ಕೆಲವನ್ನು 100 ಮೀಟರ್‌ಗಿಂತ ಆಳಕ್ಕೆ ಇಳಿಸಿದರು. ಅದರ ಮೇಲೆ ನಾಲ್ಕೂವರೆ ಮೀಟರ್ ದಪ್ಪದ ಕಾಂಕ್ರೀಟ್ ಹಾಸಿದರು. ಆ ಕಾಂಕ್ರೀಟನ್ನು ನಡುವೆ ನಿಲ್ಲಿಸದೆ ಎರಡು ದಿನಕ್ಕೂ ಹೆಚ್ಚು ಹೊತ್ತು ಸುರಿದರು.

ಎರಡು ಗೋಪುರ ಸೇರಿಸುವ ಸೇತುವೆ 41 ಮತ್ತು 42ನೇ ಮಹಡಿಯಲ್ಲಿದೆ, ನೆಲದಿಂದ 170 ಮೀಟರ್ ಮೇಲೆ. ಅದನ್ನು ಗೋಪುರಕ್ಕೆ ಬಿಗಿದಿಲ್ಲ. ಗಾಳಿಗೆ ಗೋಪುರಗಳು ಬೇರೆ ಬೇರೆಯಾಗಿ ಓಲಾಡುತ್ತವೆ. ಬಿಗಿದಿದ್ದರೆ ಸೇತುವೆ ಮುರಿಯುತ್ತಿತ್ತು. ಹಾಗಾಗಿ ಅದರ ತುದಿಗಳು ಜಾರುವಂತೆ ಮಾಡಿದ್ದಾರೆ.

ಒಳಗೆ ಹೋಗುವವರು ಟಿಕೆಟನ್ನು ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ, ಸಂಜೆ ಐದು, ಐದೂವರೆಯ ಹೊತ್ತಿಗೆ. ಇಳಿದ ಮೇಲೆ ಹಿಂದಿನ ಉದ್ಯಾನಕ್ಕೆ ಬನ್ನಿ. ಬ್ರೆಜಿಲ್‌ನ ರೋಬರ್ಟೊ ಬುರ್ಲೆ ಮಾರ್ಕ್ಸ್ ಅದರ ವಿನ್ಯಾಸ ಮಾಡಿದವರು. ಕತ್ತಲಾಗುತ್ತಾ ಗೋಪುರದ ದೀಪ ಹತ್ತುವುದನ್ನು ಹುಲ್ಲಿನ ಪಕ್ಕ ಕೂತು ನೋಡಬಹುದು. ಇದಕ್ಕೆ ದುಡ್ಡಿಲ್ಲ.

ಮೆರ್ಡೆಕಾ 118 ಇನ್ನೂ ಎತ್ತರ ಅಲ್ವಾ?

ಹೌದು, 678.9 ಮೀಟರ್. ದುಬೈಯ ಬುರ್ಜ್ ಖಲೀಫಾ ಬಿಟ್ಟರೆ ಜಗತ್ತಿನಲ್ಲಿ ಇದೇ. 2024ರ ಜನವರಿಯಲ್ಲಿ ಉದ್ಘಾಟನೆ ಆಯಿತು. ದೇಶದ ಮೊದಲ ಪ್ರಧಾನಿ ತುಂಕು ಅಬ್ದುಲ್ ರಹಮಾನ್ ಕೈ ಎತ್ತಿ ಏಳು ಸಲ 'ಮೆರ್ಡೆಕಾ', ಅಂದರೆ ಸ್ವಾತಂತ್ರ್ಯ ಎಂದು ಕೂಗಿದ ಕ್ರೀಡಾಂಗಣದ ಪಕ್ಕದಲ್ಲೇ ಇದೆ. ಆ ಎತ್ತಿದ ಕೈಯನ್ನೇ ಗೋಪುರದ ಚೂಪು ತುದಿ ನೆನಪಿಸುತ್ತದೆ. ಊರಿನ ಹಲವು ಕಡೆಯಿಂದ ಕಾಣುವುದರಿಂದ ಇದಕ್ಕಾಗಿ ಬೇರೆ ಹೊತ್ತು ಬೇಕಿಲ್ಲ.

ನಾನು ಇದಕ್ಕಿಂತ ಜಾಸ್ತಿ ಹೇಳುವುದು ದಯಾಬೂಮಿ ಕಟ್ಟಡದ ಬಗ್ಗೆ. ರಾಷ್ಟ್ರೀಯ ಮಸೀದಿಯಿಂದ ಮೆರ್ಡೆಕಾ ಚೌಕಕ್ಕೆ ನಡೆಯುವ ದಾರಿಯಲ್ಲೇ ಸಿಗುತ್ತದೆ. 1984ರದು, 35 ಮಹಡಿ. ಅಡಿಯಿಂದ ಮುಡಿಯವರೆಗೆ ಬಿಳಿ ಜಾಲರಿ ಹೊದಿಸಿದ್ದಾರೆ. ಮಸೀದಿಯ ಕಿಟಕಿಯ ಜಾಲರಿಯೇ ಆಫೀಸು ಕಟ್ಟಡಕ್ಕೆ ಬಂದಿದೆ. ಅದು ಅಂದಕ್ಕೂ ಹೌದು, ಬಿಸಿಲು ತಡೆಯಲೂ ಹೌದು. ಪೆಟ್ರೊನಾಸ್‌ಗೆ ಇದು ಅಕ್ಕ ಇದ್ದ ಹಾಗೆ.

ವೀಸಾ ಬೇಕಾ?

2023ರ ಡಿಸೆಂಬರ್ 1ರಿಂದ ಭಾರತೀಯರು 30 ದಿನದವರೆಗೆ ವೀಸಾ ಇಲ್ಲದೆ ಹೋಗಬಹುದು. ಈ ವಿನಾಯಿತಿ 2026ರ ಕೊನೆಯವರೆಗೆ ಇದೆ. ಟಿಕೆಟ್ ಮಾಡುವ ಮುಂಚೆ ನಿಯಮ ಬದಲಾಗಿದೆಯೇ ಎಂದು ಒಮ್ಮೆ ನೋಡಿ. ಮಲೇಷ್ಯಾ ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ಆಗಮನ ಕಾರ್ಡ್ ತುಂಬಬೇಕು. ಮಲೇಷ್ಯಾ ವಲಸೆ ಇಲಾಖೆಯ ತಾಣದಲ್ಲಿ ಅದು ಪುಕ್ಕಟೆ. ದುಡ್ಡು ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ.

ಮಳೆ ಬಂದರೆ?

ಬರುತ್ತದೆ ಎಂದೇ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಮಧ್ಯಾಹ್ನದ ನಂತರ, ಗುಡುಗಿನ ಜೊತೆ, ಒಂದೆರಡು ಗಂಟೆ. ಬೆಳಿಗ್ಗೆಯೇ ಗುಹೆ ಮುಗಿಸಿ ಅಂದದ್ದಕ್ಕೆ ಇದೂ ಕಾರಣ, ಒದ್ದೆ ಮೆಟ್ಟಿಲು ಜಾರುತ್ತದೆ. ಜಮೆಕ್ ಮಸೀದಿಯ ಹತ್ತಿರ ನದಿ ಉಕ್ಕಿ ನೀರು ನುಗ್ಗುವುದು ಹಿಂದೆ ಸಾಮಾನ್ಯವಾಗಿತ್ತು. 2007ರಲ್ಲಿ ಸ್ಮಾರ್ಟ್ ಎಂಬ 9.7 ಕಿಲೋಮೀಟರ್ ಸುರಂಗ ಮಾಡಿದರು. ಮಾಮೂಲಿ ದಿನ ಅದರ ಒಂದು ಭಾಗದಲ್ಲಿ ಕಾರು ಓಡುತ್ತದೆ. ಜೋರು ಮಳೆ ಬಂದಾಗ ಕಾರು ನಿಲ್ಲಿಸಿ ನೀರು ಬಿಡುತ್ತಾರೆ. ಅದನ್ನು ಕೊರೆದದ್ದೂ ಅದೇ ಸುಣ್ಣಕಲ್ಲಿನ ನೆಲದಲ್ಲಿ.

ಮಳೆ ಹಿಡಿದರೆ ಮೆರ್ಡೆಕಾ ಚೌಕದ ನಡಿಗೆಯನ್ನು ಬಿಟ್ಟು, ಮಸೀದಿ ಜಮೆಕ್ ನಿಲ್ದಾಣದಿಂದ ನೇರ ಪೆಟ್ರೊನಾಸ್ ಗೋಪುರದ ಹತ್ತಿರದ ಕೆಎಲ್‌ಸಿಸಿ ನಿಲ್ದಾಣಕ್ಕೆ ರೈಲು ಹತ್ತಿ. ನಿಲ್ದಾಣದಿಂದ ಗೋಪುರದ ಬುಡದವರೆಗೆ ಒದ್ದೆಯಾಗದೆ ಹೋಗಬಹುದು. ಆದರೂ ಬ್ಯಾಗಿನಲ್ಲಿ ಒಂದು ಮಡಿಚುವ ಛತ್ರಿ ಇರಲಿ.